ಗೆಲಾಕ್ಸಿಯ ಚಿತ್ರವನ್ನು ಎಷ್ಟರ ಮಟ್ಟಿಗೆ ಸಂಸ್ಕರಿಸಬೇಕು

ಬೆಳಗಾವಿ ನಗರದ ಅಂಚಿನಿಂದ ತೆಗೆದ ದೇವಯಾನಿ (ಆಂಡ್ರೊಮೆಡಾ) ಗೆಲಾಕ್ಸಿಯ ಒಂದು ಬಿಡಿ ಫ್ರೇಮನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ, ಬೂದುಗಂದು ಹಿನ್ನೆಲೆಯ ನಡುವೆ ಒಂದು ಮಸುಕಾದ ಮಚ್ಚೆಯ ಹೊರತು ಹೆಚ್ಚೇನೂ ಕಾಣುವುದಿಲ್ಲ. ಇದರಲ್ಲಿ ಕ್ಯಾಮೆರಾದ ತಪ್ಪಿಲ್ಲ. ಇಂಥ ಜಾಗದಲ್ಲಿ ಆಕಾಶದ ಹೊಳಪು ಪ್ರತಿ ಚದರ ಆರ್ಕ್‌ಸೆಕೆಂಡಿಗೆ 19 ಮ್ಯಾಗ್ನಿಟ್ಯೂಡಿನ ಸುತ್ತಮುತ್ತ ಇರುತ್ತದೆ, ಗೆಲಾಕ್ಸಿಯ ಹೊರ ಅಂಚಿನ ಹೊಳಪು 24ರ ಸುತ್ತಮುತ್ತ ಇರುತ್ತದೆ. ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು, ಮ್ಯಾಗ್ನಿಟ್ಯೂಡ್ ಎಂದರೆ ಹೊಳಪಿನ ಅಳತೆ, ಅದರ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ. ಐದು ಮ್ಯಾಗ್ನಿಟ್ಯೂಡಿನ ಅಂತರ ಎಂದರೆ ನೂರು ಪಟ್ಟು. ನಮಗೆ ಬೇಕಾದ ಬೆಳಕು ಬೇಡದ ಬೆಳಕಿನ ನೂರರಲ್ಲಿ ಒಂದು ಪಾಲು ಮಾತ್ರ. ಆ ಒಂದು ಪಾಲನ್ನು ಬೇರ್ಪಡಿಸಿ ಕಣ್ಣಿಗೆ ಕಾಣುವಂತೆ ಮಾಡಲು ಸಂಸ್ಕರಣೆ ಬೇಕೇ ಬೇಕು, ಆದ್ದರಿಂದ ಏನನ್ನೂ ಮುಟ್ಟದ ಶುದ್ಧ ಚಿತ್ರ ಎಂಬುದು ಈ ಹವ್ಯಾಸದಲ್ಲಿ ಇಲ್ಲ.

ಉಳಿಯುವ ಪ್ರಶ್ನೆ ಎಷ್ಟು ಎಂಬುದು. ಇದನ್ನು ಅಭಿರುಚಿಯ ವಿಷಯವೆಂದು ಬಿಟ್ಟುಬಿಡುವವರೇ ಹೆಚ್ಚು. ಬಣ್ಣ ಎಷ್ಟು ಗಾಢವಿರಬೇಕು, ನಕ್ಷತ್ರಗಳು ಎಷ್ಟು ಸಣ್ಣದಿರಬೇಕು ಎಂಬಲ್ಲಿ ಅಭಿರುಚಿಗೆ ಖಂಡಿತ ಜಾಗವಿದೆ. ಆದರೆ ಮಸುಕಾದ ಭಾಗವನ್ನು ಎಲ್ಲಿಯವರೆಗೆ ಮೇಲೆತ್ತಬಹುದು, ವಿವರಗಳನ್ನು ಎಷ್ಟು ಚೂಪು ಮಾಡಬಹುದು ಎಂಬ ಎರಡು ಮುಖ್ಯ ಪ್ರಶ್ನೆಗಳಿಗೆ ಉತ್ತರ ನಿಮ್ಮದೇ ಫ್ರೇಮುಗಳಲ್ಲಿದೆ, ಮತ್ತು ಅದನ್ನು ಅಳೆದು ನೋಡಬಹುದು. ಆಕಾಶದ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕರ್ ಮೇಲೆ ಡಿಎಸ್‌ಎಲ್‌ಆರ್ ಇಟ್ಟುಕೊಂಡೋ ಸಣ್ಣ ದೂರದರ್ಶಕದಿಂದಲೋ ಚಿತ್ರ ತೆಗೆದು, ಸಿರಿಲ್, ಗ್ರಾಎಕ್ಸ್‌ಪರ್ಟ್, ಜಿಂಪ್‌ನಂಥ ಉಚಿತ ತಂತ್ರಾಂಶಗಳಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಸ್ಟ್ಯಾಕಿಂಗ್, ಅಂದರೆ ಹಲವು ಫ್ರೇಮುಗಳನ್ನು ಸೇರಿಸಿ ಒಂದು ಚಿತ್ರ ಮಾಡುವುದು, ಗೊತ್ತಿದೆ ಎಂದು ಭಾವಿಸಿದ್ದೇನೆ.

ಮಿತಿ ಹೊರಗೇ ನಿಗದಿಯಾಗುತ್ತದೆ

ಸ್ಟ್ರೆಚ್ ಮಾಡುವುದೆಂದರೆ ಮಸುಕಾದ ಭಾಗವನ್ನು ಹಿಗ್ಗಿಸುವುದು. ಜೋಳದ ಹಿಟ್ಟಿಗೆ ಜಿಗಿ ಎಷ್ಟಿದೆಯೋ ಅಷ್ಟೇ ತೆಳ್ಳಗೆ ರೊಟ್ಟಿ ತಟ್ಟಲು ಬರುತ್ತದೆ, ಅದನ್ನು ಮೀರಿದರೆ ಅಂಚು ಬಿರಿಯುತ್ತದೆ. ಚಿತ್ರದಲ್ಲಿ ಆ ಜಿಗಿ ಎಂದರೆ ಒಟ್ಟು ಎಕ್ಸ್‌ಪೋಷರ್ ಸಮಯ. ಸಂಕೇತಕ್ಕೂ (ನಮಗೆ ಬೇಕಾದ ಬೆಳಕು) ನಾಯ್ಸ್‌ಗೂ (ಅದರಲ್ಲಿ ಬೆರೆಯುವ ಅಡ್ಡಾದಿಡ್ಡಿ ಏರಿಳಿತ) ಇರುವ ಅನುಪಾತ ಫ್ರೇಮುಗಳ ಸಂಖ್ಯೆಯ ವರ್ಗಮೂಲದಂತೆ ಏರುತ್ತದೆ. ಒಂದು ಗಂಟೆಯ ಚಿತ್ರಕ್ಕಿಂತ ಎರಡು ಪಟ್ಟು ಒಳ್ಳೆಯ ಚಿತ್ರ ಬೇಕಿದ್ದರೆ ನಾಲ್ಕು ಗಂಟೆ ಬೇಕು, ಮೂರು ಪಟ್ಟಿಗೆ ಒಂಬತ್ತು ಗಂಟೆ. ಸಂಸ್ಕರಣೆಯ ಯಾವ ಉಪಕರಣವೂ ಈ ಲೆಕ್ಕವನ್ನು ಬದಲಿಸಲಾರದು, ಬದಲಿಸಿದಂತೆ ತೋರಿಸಬಲ್ಲದು ಅಷ್ಟೆ.

ಎಲ್ಲಿಂದ ತೆಗೆಯುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿಂದ ಸಪ್ತರ್ಷಿ ಮಂಡಲದ ಎಂ81 ಮತ್ತು ಎಂ82 ಗೆಲಾಕ್ಸಿಗಳು ಅತಿ ಎತ್ತರಕ್ಕೆ ಬಂದಾಗಲೂ ಉತ್ತರ ದಿಗಂತದಿಂದ 37 ಡಿಗ್ರಿಯ ಹತ್ತಿರವೇ ನಿಲ್ಲುತ್ತವೆ, ಅವುಗಳ ಬೆಳಕು ನೆತ್ತಿಯ ಮೇಲಿನ ವಸ್ತುವಿನ ಬೆಳಕಿಗಿಂತ ಸುಮಾರು 1.7 ಪಟ್ಟು ಗಾಳಿಯನ್ನು ದಾಟಿ ಬರಬೇಕು. ಲಂಡನ್ನಿನಲ್ಲಿ ಅದೇ ಜೋಡಿ 70 ಡಿಗ್ರಿಗಿಂತ ಮೇಲೆ ಏರುತ್ತದೆ. ಯುರೋಪಿನ ಹವ್ಯಾಸಿಯೊಬ್ಬರ ಎಂ81 ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮದನ್ನೂ ಅದರಷ್ಟೇ ಚೂಪು ಮಾಡಲು ಹೊರಡುವುದು ಆದ್ದರಿಂದಲೇ ತಪ್ಪು ಲೆಕ್ಕ. ಪ್ರತಿಯಾಗಿ ಕನ್ಯಾ ರಾಶಿಯ ದಕ್ಷಿಣ ಅಂಚಿನ ಸೊಂಬ್ರೆರೊ ಗೆಲಾಕ್ಸಿ ನಮಗೆ 62 ಡಿಗ್ರಿ, ಎನ್‌ಜಿಸಿ 253 ಹತ್ತಿರಹತ್ತಿರ 49 ಡಿಗ್ರಿ ಎತ್ತರದಲ್ಲಿ ಸಿಗುತ್ತವೆ, ಲಂಡನ್ನಿನವರಿಗೆ ದಿಗಂತದ ಮೇಲೆ ಬಾರದೇ ಇರುವ ಸೆಂಟಾರಸ್ ಎ ಕೂಡ ನಮಗೆ 31 ಡಿಗ್ರಿಯಷ್ಟು ಎತ್ತರದಲ್ಲಿ ಕಾಣುತ್ತದೆ. ಕಡಿಮೆ ಸಂಸ್ಕರಣೆಯಲ್ಲಿ ಒಳ್ಳೆಯ ಚಿತ್ರ ಬೇಕೆನ್ನುವವರು ಮೊದಲು ವಸ್ತುವನ್ನೇ ಸರಿಯಾಗಿ ಆರಿಸಿಕೊಳ್ಳುವುದು ಒಳಿತು.

ದಿಕ್ಕಿನ ಆಯ್ಕೆಯೂ ಇದರ ಜೊತೆಗೇ ಬರುತ್ತದೆ. ಖಾನಾಪುರದ ಕಡೆ ಹೋದರೆ ಆಕಾಶ ಕತ್ತಲಾಗಿರುತ್ತದೆ, ಆದರೆ ಬೆಳಗಾವಿಯ ಬೆಳಕಿನ ಗುಮ್ಮಟ ಉತ್ತರಕ್ಕೆ ಉಳಿಯುವುದರಿಂದ ಆ ಜಾಗ ದಕ್ಷಿಣದ ಗೆಲಾಕ್ಸಿಗಳಿಗೆ ಚೆನ್ನ, ಸಪ್ತರ್ಷಿಯ ಗೆಲಾಕ್ಸಿಗಳಿಗೆ ಅಷ್ಟಾಗಿ ಅಲ್ಲ. ಸವದತ್ತಿಯ ಗುಡ್ಡಗಳ ಗಾಳಿಯಂತ್ರಗಳ ಕೆಂಪು ದೀಪಗಳು, ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ಬೆಳಕು, ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಯಿಡೀ ನಡೆಯುವ ಸಕ್ಕರೆ ಕಾರ್ಖಾನೆಗಳು, ಹೊಲದಲ್ಲಿ ರವದಿ ಸುಟ್ಟ ಹೊಗೆ ಸಂಜೆಯ ತಂಪಿಗೆ ಕೆಳಗೇ ತೇಲುವುದು, ಇವೆಲ್ಲ ಮುಂದೆ ಚಿತ್ರದ ಒಂದು ಮೂಲೆಯಲ್ಲಿ ಬೆಳಕಿನ ಇಳಿಜಾರಾಗಿ ಕಾಣಿಸಿಕೊಳ್ಳುತ್ತವೆ. ಹೊಗೆ ದಟ್ಟವಾಗಿದ್ದ ಹೊತ್ತಿನ ಫ್ರೇಮುಗಳನ್ನು ಸ್ಟ್ಯಾಕಿಗೆ ಸೇರಿಸದೆ ಕೈಬಿಡಬೇಕು. ಅವುಗಳನ್ನು ಆಮೇಲೆ ರಿಪೇರಿ ಮಾಡುವುದು ಕಷ್ಟ.

ಇನ್ನೆರಡು ಸಂಗತಿಗಳನ್ನು ನಮ್ಮ ಭಾಗದವರು ಹೆಚ್ಚು ಗಮನಿಸಬೇಕು. ಗೆಲಾಕ್ಸಿಗಳ ಹಂಗಾಮು ಎನ್ನುವ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳೇ ವಿಜಯಪುರದ ಬಿರು ಬೇಸಿಗೆ. ತಂಪು ಮಾಡುವ ವ್ಯವಸ್ಥೆಯಿಲ್ಲದ ಕ್ಯಾಮೆರಾದಲ್ಲಿ ಸೆನ್ಸರಿನ ಶಾಖದಿಂದ ಹುಟ್ಟುವ ಡಾರ್ಕ್ ಕರೆಂಟ್ ಸುಮಾರು ಪ್ರತಿ ಆರು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಇಮ್ಮಡಿಯಾಗುತ್ತದೆ. ಡಿಸೆಂಬರಿನ ಚಳಿಯಲ್ಲಿ ತೆಗೆದಿಟ್ಟ ಡಾರ್ಕ್ ಫ್ರೇಮುಗಳನ್ನು ಏಪ್ರಿಲ್ಲಿನ ಚಿತ್ರಕ್ಕೆ ಬಳಸಿದರೆ ಏನೂ ಉಪಯೋಗವಿಲ್ಲ. ಅದೇ ರಾತ್ರಿ, ಅದೇ ಜಾಗದಲ್ಲಿ, ಅದೇ ಐಎಸ್ಒ ಮತ್ತು ಎಕ್ಸ್‌ಪೋಷರಿನಲ್ಲಿ ಮುಚ್ಚಳ ಹಾಕಿ ಡಾರ್ಕ್ ತೆಗೆಯಬೇಕು. ಎರಡನೆಯದು ದೂಳು. ಎರೆ ಹೊಲದ ಬದುವಿನಲ್ಲಿ ಲೆನ್ಸ್ ಬದಲಿಸಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಸೆನ್ಸರಿನ ಮುಂದೆ ಕೂತ ಒಂದು ಕಣ, ಚಿತ್ರದಲ್ಲಿ ಶೇಕಡಾ ಒಂದರಷ್ಟು ಮಾತ್ರ ಕಪ್ಪಾದ ಉಂಗುರವಾಗಿ ಬೀಳುತ್ತದೆ. ಶೇಕಡಾ ಒಂದು ಎಂದರೆ ಏನೂ ಅಲ್ಲ ಅನ್ನಿಸಬಹುದು, ಆದರೆ ಗೆಲಾಕ್ಸಿಯ ಹೊರ ಅಂಚಿನ ಬೆಳಕೂ ಆಕಾಶದ ಶೇಕಡಾ ಒಂದೇ ಎಂಬುದನ್ನು ಮೊದಲೇ ನೋಡಿದೆವು. ಇಂಥ ನೆರಳನ್ನು ಸರಿಪಡಿಸಲು ಸಮನಾದ ಬೆಳಕಿನ ಕಡೆ ತಿರುಗಿಸಿ ತೆಗೆಯುವ ಫ್ಲ್ಯಾಟ್ ಫ್ರೇಮುಗಳು ಸರಿಯಿಲ್ಲದ ಚಿತ್ರದಲ್ಲಿ ಸ್ಟ್ರೆಚ್ ಮಾಡಿದಷ್ಟೂ ದೂಳಿನ ಉಂಗುರಗಳೂ ಸುರುಳಿ ತೋಳುಗಳೂ ಒಂದೇ ಹೊಳಪಿನಲ್ಲಿ ಮೇಲೇಳುತ್ತವೆ, ಅಲ್ಲಿಗೆ ನಿಮ್ಮ ಸಂಸ್ಕರಣೆಯ ಮಿತಿ ಮುಗಿಯಿತು. ಫೋಕಸನ್ನೂ ಕ್ಯಾಮೆರಾದ ಕೋನವನ್ನೂ ಮುಟ್ಟದೆ, ಬಿಳಿ ಬಟ್ಟೆ ಬಿಗಿದು ನಸುಕಿನ ಆಕಾಶದ ಕಡೆ ತಿರುಗಿಸಿ ಮೂವತ್ತು ಫ್ಲ್ಯಾಟ್ ತೆಗೆದುಕೊಳ್ಳುವ ಹತ್ತು ನಿಮಿಷದ ಕೆಲಸ, ಕಂಪ್ಯೂಟರಿನ ಮುಂದಿನ ಹತ್ತು ಗಂಟೆಗಿಂತ ಹೆಚ್ಚು ಫಲ ಕೊಡುತ್ತದೆ.

ಫ್ರೇಮುಗಳ ನಡುವೆ ಚೌಕಟ್ಟನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುವ ಡಿದರಿಂಗ್ ಬಿಡಬಾರದು. ಬಿಟ್ಟರೆ ಹಿನ್ನೆಲೆಯಲ್ಲಿ ಒಂದೇ ದಿಕ್ಕಿಗೆ ಮಳೆ ಸುರಿದಂಥ ಗೆರೆಗಳು ಬರುತ್ತವೆ, ಅವು ಯಾವ ನಾಯ್ಸ್ ರಿಡಕ್ಷನ್ನಿಗೂ ಜಗ್ಗುವುದಿಲ್ಲ.

ಸ್ಟ್ರೆಚ್‌ಗೆ ಮೊದಲಿನ ಕೆಲಸ

ಸ್ಟ್ಯಾಕ್ ಆಗಿ ಬಂದ ಚಿತ್ರವನ್ನು 32 ಬಿಟ್ ಫೈಲಾಗಿಯೇ ಇಟ್ಟುಕೊಳ್ಳಬೇಕು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ ಇರುವುದರಿಂದ ಅದು ಕೊನೆಯ ಹಂತಕ್ಕೆ ಮಾತ್ರ ಯೋಗ್ಯ. ಅಂಚುಗಳನ್ನು ಕತ್ತರಿಸಿದ ಮೇಲೆ ಮೊದಲ ನಿಜವಾದ ನಿರ್ಧಾರ ಬರುವುದು ಬೆಳಕಿನ ಇಳಿಜಾರನ್ನು ತೆಗೆಯುವಲ್ಲಿ.

ಇಲ್ಲಿ ಅತಿ ಮಾಡುವುದು ಬಹಳ ಸುಲಭ, ಮತ್ತು ಮಾಡಿದ್ದು ಗೊತ್ತೂ ಆಗುವುದಿಲ್ಲ. ದೇವಯಾನಿ ಆಕಾಶದಲ್ಲಿ ಮೂರು ಡಿಗ್ರಿ ಉದ್ದ ಹರಡಿದೆ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ 400 ಮಿಲಿಮೀಟರ್ ಲೆನ್ಸ್ ಹಾಕಿದರೆ ಚೌಕಟ್ಟಿನ ಅಗಲವೇ ಮೂರೂ ಕಾಲು ಡಿಗ್ರಿಯಷ್ಟು, ಹಾಗಾಗಿ ಗೆಲಾಕ್ಸಿ ಇಲ್ಲದ ಬರಿ ಆಕಾಶ ಎನ್ನುವುದು ಮೂಲೆಗಳಲ್ಲಿ ಬಿಟ್ಟರೆ ಎಲ್ಲೂ ಸಿಗುವುದಿಲ್ಲ. ಅಂಥ ಚಿತ್ರದಲ್ಲಿ ತಂತ್ರಾಂಶವು ತಾನಾಗಿಯೇ ಎಲ್ಲೆಡೆ ಮಾದರಿ ಬಿಂದುಗಳನ್ನು ಹಾಕಿಕೊಂಡರೆ, ಗೆಲಾಕ್ಸಿಯ ಹೊರ ಪ್ರಭೆಯನ್ನೇ ಊರಿನ ಬೆಳಕೆಂದು ತಿಳಿದು ಕಳೆದುಬಿಡುತ್ತದೆ. ಆಮೇಲೆ ಗೆಲಾಕ್ಸಿಯ ಸುತ್ತ ಕಪ್ಪನೆಯ ಹಳ್ಳವೊಂದು ಉಳಿಯುತ್ತದೆ. ಬಿಂದುಗಳನ್ನು ಕೈಯಾರೆ, ಗೆಲಾಕ್ಸಿಯಿಂದ ದೂರದಲ್ಲಿ ಇಡಬೇಕು, ಹಿನ್ನೆಲೆಗೆ ಹೊಂದಿಸುವ ಪಾಲಿನಾಮಿಯಲ್‌ನ ಡಿಗ್ರಿಯನ್ನು ಒಂದಕ್ಕೆ ಇಳಿಸಿ ಆರಂಭಿಸಬೇಕು. ಚಿತ್ರದಿಂದ ಕಳೆದ ಹಿನ್ನೆಲೆಯನ್ನು ತಂತ್ರಾಂಶದಿಂದ ಪ್ರತ್ಯೇಕ ಚಿತ್ರವಾಗಿ ಪಡೆದು ಜೋರಾಗಿ ಸ್ಟ್ರೆಚ್ ಮಾಡಿ ನೋಡುವ ಅಭ್ಯಾಸ ಒಳ್ಳೆಯದು. ಅದರಲ್ಲಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸಾಗುವ ಇಳಿಜಾರು ಮಾತ್ರ ಇರಬೇಕು, ಗೆಲಾಕ್ಸಿಯ ಆಕಾರದ ನೆರಳೇನಾದರೂ ಕಂಡರೆ ಹಿಂದಕ್ಕೆ ಹೋಗಬೇಕು.

ಬಣ್ಣಕ್ಕೆ ಸಿರಿಲ್‌ನ ಫೋಟೊಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್ ಸಾಕು. ಅದು ಚಿತ್ರದ ನಕ್ಷತ್ರಗಳನ್ನು ಗೈಯಾದಂಥ ನಕ್ಷತ್ರ ಕ್ಯಾಟಲಾಗಿನ ಅಳತೆಗಳಿಗೆ ಹೋಲಿಸಿ ಬಿಳಿಯನ್ನು ನಿಗದಿ ಮಾಡುವುದರಿಂದ, ನಮ್ಮ ಕಣ್ಣು ಮತ್ತು ಮಾನಿಟರಿನ ಗುಣದೋಷಗಳು ನಡುವೆ ಬರುವುದಿಲ್ಲ. ಸೆಂಟಾರಸ್ ಎ ಯಂಥ ತಗ್ಗಿನ ವಸ್ತುವಿನಲ್ಲಿ ಗಾಳಿ ನೀಲಿಯನ್ನು ಹೆಚ್ಚು ನುಂಗಿರುತ್ತದೆ, ಅಲ್ಲಿ ಈ ಹಂತವನ್ನು ಬಿಡುವಂತೆಯೇ ಇಲ್ಲ. ಹೀಗೆ ಬಂದ ಬಣ್ಣವನ್ನು ಒಮ್ಮೆ ನಂಬಿ ನೋಡಿ. ದೇವಯಾನಿಯ ಬಣ್ಣ ಬಹುಮಟ್ಟಿಗೆ ಹಳದಿ ಬೆರೆತ ಬಿಳಿ. ತೋಳುಗಳಲ್ಲಿ ನೀಲಿಯ ಛಾಯೆ ಇದೆ, ಆದರೆ ಹಲವು ಚಿತ್ರಗಳಲ್ಲಿ ಕಾಣುವ ಕಡು ನೀಲಿ ಸ್ಯಾಚುರೇಷನ್ ಸ್ಲೈಡರಿನ ಕೊಡುಗೆ. ಹಾಗೆಯೇ ಸಾಮಾನ್ಯ ಡಿಎಸ್‌ಎಲ್‌ಆರ್‌ನ ಫಿಲ್ಟರ್ 656.3 ನ್ಯಾನೊಮೀಟರಿನ ಹೈಡ್ರೋಜನ್ ಕೆಂಪನ್ನು ಬಹುಪಾಲು ತಡೆಯುತ್ತದೆ. ತೋಳುಗಳ ಮೇಲಿನ ಗುಲಾಬಿ ಚುಕ್ಕೆಗಳು ನಿಮ್ಮ ಚಿತ್ರದಲ್ಲಿ ಮಂಕಾಗಿದ್ದರೆ ಅವು ಮಂಕಾಗಿಯೇ ಇರಲಿ.

ಸ್ಟ್ರೆಚ್

ಸಿರಿಲ್‌ನಲ್ಲಿ ಆಟೊಸ್ಟ್ರೆಚ್ ಎಂಬ ನೋಟ ಪರದೆಯ ಮೇಲೆ ಮಾತ್ರ ನಡೆಯುವ ತೋರಿಕೆ, ಏನೇನು ಇದೆ ಎಂದು ಹುಡುಕಲು ಅದು ಬೇಕು. ಅದನ್ನೇ ಅಂತಿಮ ಚಿತ್ರವಾಗಿ ಉಳಿಸಿಕೊಂಡರೆ ಹೆಚ್ಚಾಗಿ ನಾಯ್ಸ್ ಎದ್ದು ಕಾಣುತ್ತದೆ. ನಿಜವಾದ ಸ್ಟ್ರೆಚ್‌ಗೆ ಆರ್ಕ್‌ಸೈನ್‌ಹೆಚ್ ವಿಧಾನ ಒಳ್ಳೆಯ ಆರಂಭ. 2004ರಲ್ಲಿ ರಾಬರ್ಟ್ ಲಪ್ಟನ್ ಮತ್ತು ಸಂಗಡಿಗರು ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ಚಿತ್ರಗಳನ್ನು ತೋರಿಸಿ ವಿವರಿಸಿದ ಈ ವಿಧಾನದಲ್ಲಿ ಕೆಂಪು, ಹಸಿರು, ನೀಲಿಗಳ ಪರಸ್ಪರ ಅನುಪಾತ ಹಾಗೆಯೇ ಉಳಿಯುತ್ತದೆ, ನಕ್ಷತ್ರಗಳ ನಡುಭಾಗ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುವುದಿಲ್ಲ. ಒಂದೇ ಸಲಕ್ಕೆ ಪೂರ್ತಿ ಎಳೆಯದೆ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮಾಡುತ್ತ ಹೋಗಬೇಕು.

ಅಳತೆಗೆ ಎರಡು ಕಡೆ ಕಣ್ಣಿಡಬೇಕು. ಹಿನ್ನೆಲೆಯ ಹೊಳಪು 255ರ ಮಾಪಕದಲ್ಲಿ 20ರಿಂದ 30ರ ನಡುವೆ ಇರಲಿ. ಯಾವ ಹೊಳಪಿನ ಪಿಕ್ಸೆಲ್ಲುಗಳು ಎಷ್ಟಿವೆ ಎಂದು ತೋರಿಸುವ ಹಿಸ್ಟೊಗ್ರಾಮಿನ ಗುಡ್ಡದ ಎಡ ಪಾದ ಗೋಡೆಗೆ ತಾಗಬಾರದು; ತಾಗಿತೆಂದರೆ ಮಸುಕಾದ ಬೆಳಕನ್ನು ಕತ್ತರಿಸಿ ಬಿಸಾಡಿದಂತೆ. ಕಡು ಕಪ್ಪು ಹಿನ್ನೆಲೆ ಮೊದಲ ನೋಟಕ್ಕೆ ಚೆಂದ ಕಾಣುತ್ತದೆ, ನಾಯ್ಸನ್ನೂ ಮುಚ್ಚುತ್ತದೆ, ಆದರೆ ಗೆಲಾಕ್ಸಿಯನ್ನು ಕತ್ತರಿಯಿಂದ ಕತ್ತರಿಸಿ ಕಪ್ಪು ಕಾಗದಕ್ಕೆ ಅಂಟಿಸಿದಂತೆ ಮಾಡುತ್ತದೆ. ನನಗೆ ಕೇಳಿದರೆ, ಅತಿಯಾಗಿ ಎಳೆದ ಚಿತ್ರಕ್ಕಿಂತ ಹೀಗೆ ಕಪ್ಪು ಬಳಿದ ಚಿತ್ರವೇ ಹೆಚ್ಚು ಸುಳ್ಳು ಹೇಳುತ್ತದೆ. ಇನ್ನೊಂದು ತುದಿಯಲ್ಲಿ ಗೆಲಾಕ್ಸಿಯ ನಡುಭಾಗ 240ನ್ನು ದಾಟದಿರಲಿ. ದೇವಯಾನಿಯ ನಡುಭಾಗಕ್ಕೆ ಕೆಲವು ಕಿರು ಎಕ್ಸ್‌ಪೋಷರುಗಳನ್ನು ಬೇರೆಯಾಗಿ ತೆಗೆದು ಸೇರಿಸುವುದು ಉತ್ತಮ.

ಎಲ್ಲಿ ನಿಲ್ಲಿಸಬೇಕು ಎಂದು ಅಳೆಯುವ ಬಗೆ

ಇದಕ್ಕೆ ಒಂದೇ ಒಂದು ಪರೀಕ್ಷೆಯನ್ನು ಕಲಿತರೂ ಸಾಕು. ರಿಜಿಸ್ಟರ್ ಆದ, ಅಂದರೆ ನಕ್ಷತ್ರಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸಿದ ಫ್ರೇಮುಗಳನ್ನು ಎರಡು ಸಮ ಭಾಗ ಮಾಡಿ: ಬೆಸ ಸಂಖ್ಯೆಯವು ಒಂದು ಗುಂಪು, ಸಮ ಸಂಖ್ಯೆಯವು ಇನ್ನೊಂದು ಗುಂಪು. ಮೊದಲರ್ಧ, ಕೊನೆಯರ್ಧ ಎಂದು ಭಾಗ ಮಾಡಿದರೆ ರಾತ್ರಿ ಕಳೆದಂತೆ ಆಕಾಶದ ಸ್ಥಿತಿ ಬದಲಾಗಿರುವುದರಿಂದ ಹೋಲಿಕೆ ಕೆಡುತ್ತದೆ. ಎರಡೂ ಗುಂಪುಗಳನ್ನು ಒಂದೇ ರೀತಿಯಲ್ಲಿ ಸ್ಟ್ಯಾಕ್ ಮಾಡಿ ಎ ಮತ್ತು ಬಿ ಎಂಬ ಎರಡು ಚಿತ್ರಗಳನ್ನು ಪಡೆಯಿರಿ. ಎರಡಕ್ಕೂ ಒಂದೇ ಮೌಲ್ಯಗಳ ಸ್ಟ್ರೆಚ್ ಕೊಟ್ಟು, ಒಂದರ ಮೇಲೊಂದು ಇಟ್ಟು, ಮೇಲಿನದನ್ನು ತೋರಿಸುತ್ತ ಮರೆಮಾಡುತ್ತ ನೋಡಿರಿ. ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಕಾಣುವ ಎಳೆ ಆಕಾಶದ್ದು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ನಾಯ್ಸ್. ಸ್ಟ್ರೆಚ್ ಹೆಚ್ಚಿಸುತ್ತ ಹೋದಂತೆ ಎರಡನೆಯ ಬಗೆಯವು ಎದ್ದು ಕಾಣತೊಡಗುವ ಹಂತವೊಂದು ಬರುತ್ತದೆ, ಅದಕ್ಕಿಂತ ಸ್ವಲ್ಪ ಹಿಂದೆ ನಿಲ್ಲಿಸಬೇಕು. ಅರ್ಧ ಚಿತ್ರಗಳಲ್ಲಿ ನಾಯ್ಸ್ ಪೂರ್ಣ ಚಿತ್ರಕ್ಕಿಂತ ಸುಮಾರು 1.4 ಪಟ್ಟು ಹೆಚ್ಚಿರುವುದರಿಂದ ಈ ಪರೀಕ್ಷೆ ಕೊಂಚ ಬಿಗಿಯಾದದ್ದೇ, ಪೂರ್ಣ ಚಿತ್ರವನ್ನು ಇದಕ್ಕಿಂತ ಒಂದಿಷ್ಟು ಮುಂದೆ ಒಯ್ಯಬಹುದು.

ಸಂಖ್ಯೆಯಲ್ಲೇ ಬೇಕೆನ್ನುವವರು, ಸ್ಟ್ರೆಚ್ ಮಾಡದ ಎ ಮತ್ತು ಬಿ ಚಿತ್ರಗಳನ್ನು ಪಿಕ್ಸೆಲ್ ಮ್ಯಾಥ್‌ನಲ್ಲಿ ಒಂದರಿಂದ ಒಂದು ಕಳೆದು, ಬಂದದ್ದನ್ನು ಎರಡರಿಂದ ಭಾಗಿಸಿ, ಋಣಸಂಖ್ಯೆ ಬಾರದಿರಲೆಂದು 0.1 ಕೂಡಿಸಿ ಹೊಸ ಚಿತ್ರ ಮಾಡಿಕೊಳ್ಳಬೇಕು. ಗೆಲಾಕ್ಸಿ ಎರಡರಲ್ಲೂ ಸಮನಾಗಿ ಇರುವುದರಿಂದ ಕಳೆದಾಗ ಅದು ಮಾಯವಾಗುತ್ತದೆ, ಉಳಿಯುವುದು ಬರಿ ನಾಯ್ಸ್. ಖಾಲಿ ಜಾಗದಲ್ಲಿ ಅದರ ಸಿಗ್ಮಾ (ಏರಿಳಿತದ ಅಳತೆ) ಎಷ್ಟೆಂದು ಸ್ಟ್ಯಾಟಿಸ್ಟಿಕ್ಸ್ ಕಿಟಕಿಯಲ್ಲಿ ಓದಿದರೆ ಅದೇ ಪೂರ್ಣ ಚಿತ್ರದ ನಾಯ್ಸಿನ ಅಳತೆ. ಈಗ ಪೂರ್ಣ ಚಿತ್ರದಲ್ಲಿ ನಿಮಗೆ ಅನುಮಾನವಿರುವ ತೋಳಿನ ಮೇಲೆ ಒಂದು ಚೌಕ ಎಳೆದು, ಅದರ ಸರಾಸರಿಯಿಂದ ಪಕ್ಕದ ಖಾಲಿ ಆಕಾಶದ ಸರಾಸರಿಯನ್ನು ಕಳೆಯಿರಿ. ಹತ್ತು ಪಿಕ್ಸೆಲ್ ಅಗಲದ ಚೌಕದಲ್ಲಿ ನೂರು ಪಿಕ್ಸೆಲ್ ಇರುವುದರಿಂದ ಸರಾಸರಿಯ ನಾಯ್ಸ್ ಸಿಗ್ಮಾದ ಹತ್ತನೆಯ ಒಂದರ ಹತ್ತಿರಕ್ಕೆ ಇಳಿಯುತ್ತದೆ. ವ್ಯತ್ಯಾಸವು ಅದರ ಮೂರು ಪಟ್ಟಿಗಿಂತ ಕಡಿಮೆಯಿದ್ದರೆ ಆ ತೋಳನ್ನು ಮೇಲೆತ್ತಲು ಹೋಗಬಾರದು.

ಈ ಪರೀಕ್ಷೆಗೆ ಒಂದು ಕುರುಡು ಬಿಂದುವಿದೆ. ದೂಳಿನ ಉಂಗುರ, ಸರಿಯಾಗಿ ಕಳೆಯದ ವಿನ್ಯೆಟಿಂಗ್ (ಚಿತ್ರದ ಅಂಚಿನ ಕಡೆ ಬೆಳಕು ಕುಗ್ಗುವುದು), ಚೌಕಟ್ಟಿನಾಚೆಯ ಪ್ರಕಾಶಮಾನ ನಕ್ಷತ್ರವೊಂದು ಲೆನ್ಸಿನೊಳಗೆ ಪ್ರತಿಫಲಿಸಿ ಮೂಡಿಸುವ ಮಬ್ಬು ವೃತ್ತ, ಇವು ಎ ಮತ್ತು ಬಿ ಎರಡರಲ್ಲೂ ಒಂದೇ ಜಾಗದಲ್ಲಿ ಇರುತ್ತವೆ. ಅವುಗಳನ್ನು ಹಿಡಿಯಲು ಇನ್ನೊಂದು ರಾತ್ರಿ, ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ತೆಗೆದ ಫ್ರೇಮುಗಳು ಬೇಕು. ಗೆಲಾಕ್ಸಿಯ ಜೊತೆ ತಿರುಗಿದ್ದು ಆಕಾಶದ್ದು, ಸೆನ್ಸರಿನ ಜೊತೆ ನಿಂತದ್ದು ನಿಮ್ಮ ಉಪಕರಣದ್ದು. ಅದೂ ಆಗದಿದ್ದರೆ, ಸ್ಟ್ರಾಸ್‌ಬರ್ಗ್‌ನ ಖಗೋಳ ದತ್ತಾಂಶ ಕೇಂದ್ರ ಉಚಿತವಾಗಿ ಕೊಡುವ ಅಲಾದಿನ್ ತಂತ್ರಾಂಶದಲ್ಲಿ ಅದೇ ಜಾಗದ ಸಮೀಕ್ಷಾ ಚಿತ್ರವನ್ನು ತೆರೆದು ಹೋಲಿಸಬಹುದು. ಆದರೆ ಮೊದಲು ನಿಮ್ಮ ಪರೀಕ್ಷೆಯನ್ನು ಮುಗಿಸಿ ಆಮೇಲೆ ಅದನ್ನು ತೆರೆಯಿರಿ. ಎಲ್ಲೇನಿದೆ ಎಂದು ಮೊದಲೇ ನೋಡಿಕೊಂಡ ಕಣ್ಣಿಗೆ ನಾಯ್ಸಿನಲ್ಲೂ ಅದೇ ಕಾಣುತ್ತದೆ.

ಚೂಪು ಮಾಡುವುದು, ನಾಯ್ಸ್ ತೆಗೆಯುವುದು

ವಿವರಗಳ ಮಿತಿ ನಕ್ಷತ್ರಗಳ ಅಗಲದಲ್ಲಿ ಇದೆ. ಪಿಕ್ಸೆಲ್ಲಿನ ಗಾತ್ರವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ ಎಂದು ಸಿಗುತ್ತದೆ, 3.7 ಮೈಕ್ರಾನಿನ ಪಿಕ್ಸೆಲ್ ಮತ್ತು 400 ಮಿಲಿಮೀಟರಿಗೆ ಅದು 1.9. ಸಿರಿಲ್ ಚಿತ್ರದ ನಕ್ಷತ್ರಗಳನ್ನು ಅಳೆದು ಅವುಗಳ ಅರ್ಧ ಎತ್ತರದ ಅಗಲ (ಹೊಳಪು ಅರ್ಧಕ್ಕೆ ಇಳಿಯುವ ಕಡೆಯ ಅಗಲ) ಎರಡೂವರೆ ಪಿಕ್ಸೆಲ್ ಎಂದು ಹೇಳಿದರೆ, ನಿಮ್ಮ ಚಿತ್ರ ಬಿಡಿಸಿ ತೋರಿಸಬಲ್ಲದ್ದು ಐದು ಆರ್ಕ್‌ಸೆಕೆಂಡಿನ ಆಸುಪಾಸು. ಮಸುಕನ್ನು ಲೆಕ್ಕದ ಮೂಲಕ ಹಿಮ್ಮೆಟ್ಟಿಸುವ ಡಿಕಾನ್ವಲ್ಯೂಷನ್‌ನಿಂದ ಅದನ್ನು ಕೊಂಚ ಸುಧಾರಿಸಬಹುದು, ಅದೂ ನಾಯ್ಸ್ ಕಡಿಮೆಯಿರುವ ಪ್ರಕಾಶಮಾನ ಭಾಗದಲ್ಲಿ ಮಾತ್ರ. ಎಂ51 ಗೆಲಾಕ್ಸಿಯ ತೋಳುಗಳ ಒಳಗಿನ ದೂಳಿನ ಗೆರೆಗಳು ಇದರಿಂದ ಗಟ್ಟಿಯಾಗಿ ಕಾಣುತ್ತವೆ. ನಕ್ಷತ್ರಗಳ ಸುತ್ತ ಕಪ್ಪು ಬಳೆ ಕಂಡಕೂಡಲೇ ಹಿಂದೆ ಸರಿಯಬೇಕು.

ಈಗ ಬಳಕೆಯಲ್ಲಿರುವ ಎಐ ಉಪಕರಣಗಳ ಬಗ್ಗೆ ಎರಡು ಮಾತು. ಖಗೋಳ ಚಿತ್ರಗಳಿಗೆಂದೇ ತರಬೇತಿ ಕೊಟ್ಟವು ಹಿಡಿತದಲ್ಲಿ ಬಳಸಿದರೆ ಒಳ್ಳೆಯವೇ. ಹಗಲಿನ ಫೋಟೊಗಳಿಗೆಂದು ತಯಾರಾದವು ನಾಯ್ಸಿನ ಗುಂಪುಗಳನ್ನು ಕೂದಲು, ಬಟ್ಟೆ, ಎಲೆಗಳ ಅಂಚೆಂದು ಭಾವಿಸಿ ಹುಳು ಹರಿದಂಥ ಎಳೆಗಳನ್ನು ಹೆಣೆಯುತ್ತವೆ, ಅವುಗಳನ್ನು ಗೆಲಾಕ್ಸಿಯ ಹತ್ತಿರ ತರಬಾರದು. ಯಾವ ಉಪಕರಣವೇ ಆಗಲಿ, ಎ ಮತ್ತು ಬಿ ಅರ್ಧಗಳ ಮೇಲೆ ಬೇರೆಬೇರೆಯಾಗಿ ಓಡಿಸಿ ನೋಡಿ. ಎರಡರಲ್ಲೂ ಒಂದೇ ಎಳೆ ಬಂದರೆ ಅದು ದತ್ತಾಂಶದಿಂದ ಬಂದದ್ದು, ಎರಡರಲ್ಲಿ ಎರಡು ಬಗೆ ಬಂದರೆ ಉಪಕರಣವೇ ಕಟ್ಟಿದ ಕತೆ.

ನಾಯ್ಸ್ ರಿಡಕ್ಷನ್ ಪೂರ್ತಿ ಬೇಡ. ಹಿನ್ನೆಲೆಯಲ್ಲಿ ನಾಯ್ಸಿನ ಸಣ್ಣ ತರಿ ಉಳಿದಿರಲಿ. ಸ್ಟಾರ್‌ನೆಟ್‌ನಂಥ ಉಪಕರಣದಿಂದ ನಕ್ಷತ್ರಗಳನ್ನು ಬೇರ್ಪಡಿಸಿ ಗೆಲಾಕ್ಸಿಯನ್ನು ಮಾತ್ರ ಎಳೆಯುವ ಪದ್ಧತಿ ಅನುಕೂಲದ್ದು, ಆದರೆ ತೋಳುಗಳ ಮೇಲಿನ ಗಂಟುಗಂಟಾದ ನಕ್ಷತ್ರ ಸಮೂಹಗಳನ್ನೂ, ದೇವಯಾನಿಯ ಪಕ್ಕದ ಪುಟ್ಟ ಎಂ32ನ ನಡುಭಾಗವನ್ನೂ ಅದು ನಕ್ಷತ್ರವೆಂದು ತೆಗೆದುಬಿಡಬಹುದು. ತೆಗೆದ ಪದರವನ್ನು ಒಮ್ಮೆ ಪರೀಕ್ಷಿಸಿಯೇ ಮುಂದೆ ಹೋಗಬೇಕು.

ಜೋರಾಗಿ ಎಳೆಯಬೇಕಾದ ಸಂದರ್ಭ

ಇಷ್ಟು ಹೇಳಿದ್ದರಿಂದ ಮಂದ ಸಂಸ್ಕರಣೆಯೇ ಪ್ರಾಮಾಣಿಕ ಎಂಬ ಭಾವನೆ ಬರಬಾರದು. ಆಂಗ್ಲೋ-ಆಸ್ಟ್ರೇಲಿಯನ್ ವೀಕ್ಷಣಾಲಯದ ಡೇವಿಡ್ ಮಾಲಿನ್ 1970ರ ದಶಕದ ಕೊನೆಯಲ್ಲಿ ಗಾಜಿನ ಫೋಟೊ ಫಲಕಗಳ ಮಸುಕು ಭಾಗವನ್ನು ಕತ್ತಲೆ ಕೋಣೆಯಲ್ಲಿ ಅತಿ ಹೆಚ್ಚು ಕಾಂಟ್ರಾಸ್ಟ್‌ಗೆ ಏರಿಸುವ ವಿಧಾನ ರೂಢಿಸಿ, ಅಂಡಾಕಾರದ ಗೆಲಾಕ್ಸಿಗಳ ಸುತ್ತ ಅದುವರೆಗೆ ಯಾರೂ ಕಾಣದ ಚಿಪ್ಪಿನಂಥ ಪದರಗಳನ್ನು ಬೆಳಕಿಗೆ ತಂದರು. ನಾವು ಇಂದು ಮೆನುವಿನಲ್ಲಿ ಒತ್ತುವ ಅನ್‌ಶಾರ್ಪ್ ಮಾಸ್ಕ್ ಕೂಡ ಆಗ ಕತ್ತಲೆ ಕೋಣೆಯಲ್ಲಿ ಕೈಯಿಂದ ಮಾಡುವ ಕೆಲಸವಾಗಿತ್ತು. 2023ರ ಜನವರಿಯಲ್ಲಿ ಹವ್ಯಾಸಿಗಳಾದ ಮಾರ್ಸೆಲ್ ಡ್ರೆಕ್ಸ್ಲರ್, ಕ್ಸೇವಿಯರ್ ಸ್ಟ್ರಾಟ್ನರ್, ಯಾನ್ ಸೈಂಟಿ ಅವರು ವೃತ್ತಿಪರ ಖಗೋಳಜ್ಞರ ಜೊತೆ ಸೇರಿ, ದೇವಯಾನಿಯ ಆಗ್ನೇಯಕ್ಕೆ ಆಕ್ಸಿಜನ್ ಅನಿಲದ ಬೆಳಕಿನ ಒಂದು ದೊಡ್ಡ ಕಮಾನನ್ನು ವರದಿ ಮಾಡಿದರು. ಆಕಾಶದಲ್ಲಿ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ಗೆಲಾಕ್ಸಿಯ ಪಕ್ಕದಲ್ಲೇ ಅದು ಇತ್ತು. ಜೋರಾಗಿ ಎಳೆಯದೆ ಅದು ಸಿಗುತ್ತಿರಲಿಲ್ಲ, ಆದರೆ ಅವರ ಬಳಿ 500.7 ನ್ಯಾನೊಮೀಟರಿನ ಕಿರು ಪಟ್ಟಿಯ ಫಿಲ್ಟರಿನಲ್ಲಿ ಅನೇಕ ರಾತ್ರಿ ತೆಗೆದ ಫ್ರೇಮುಗಳು ಇದ್ದವು, ಬೇರೆ ದೂರದರ್ಶಕಗಳ ಚಿತ್ರಗಳಲ್ಲೂ ಅದೇ ಕಮಾನು ಕಾಣಿಸಿತು. ಅರ್ಧ ಭಾಗ ಮಾಡಿ ನೋಡುವ ಪರೀಕ್ಷೆಯ ದೊಡ್ಡ ರೂಪವೇ ಅದು.

ಎಂ81ರ ಸುತ್ತ ಎಳೆಯುವಾಗ ಒಂದು ಎಚ್ಚರ ಬೇಕು. ಅಲ್ಲಿ ಹೊಗೆಯಂಥ ತೆಳು ಪದರಗಳು ನಿಜವಾಗಿಯೂ ಇವೆ. ಅವು ನಮ್ಮ ಆಕಾಶಗಂಗೆಯದೇ ದೂಳು, ಆಕಾಶಗಂಗೆಯ ಸಮತಲದ ಬೆಳಕನ್ನು ಪ್ರತಿಫಲಿಸುತ್ತಿದೆ ಎಂದು ಅಲನ್ ಸ್ಯಾಂಡೇಜ್ 1976ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 1965ರಲ್ಲಿ, ಹಾಲ್ಟನ್ ಆರ್ಪ್ ಎಂ81ರ ಪಕ್ಕ ಒಂದು ಉಂಗುರವನ್ನು ಗುರುತಿಸಿದ್ದರು. ಅದರ ಬೆಳಕಿನ ಬಹುಪಾಲು ಇಂಥದೇ ಹತ್ತಿರದ ದೂಳಿನದು ಎಂದು ನಂತರದ ಅಧ್ಯಯನಗಳು ಹೇಳಿದವು. ಹಾಗಾಗಿ ಚಿತ್ರದಲ್ಲಿ ಎದ್ದ ಎಳೆ ನಿಜವೆಂದು ಖಚಿತವಾದ ಮೇಲೂ ಅದು ಗೆಲಾಕ್ಸಿಗೆ ಸೇರಿದ್ದೆಂದು ಅಡಿಬರಹದಲ್ಲಿ ಬರೆಯುವ ಮುನ್ನ ಯೋಚಿಸಬೇಕು. ಜೋರಾಗಿ ಎಳೆದ ಚಿತ್ರವನ್ನು ಹಂಚುವಾಗ ಒಟ್ಟು ಎಕ್ಸ್‌ಪೋಷರ್, ಜಾಗ, ಬಳಸಿದ ಫಿಲ್ಟರ್, ಎಐ ಉಪಕರಣಗಳ ಹೆಸರು ಇಷ್ಟನ್ನು ಜೊತೆಗೆ ಬರೆದರೆ ನೋಡುವವರಿಗೂ ಅನುಕೂಲ.

ಹಂಚುವಾಗ, ಮುದ್ರಿಸುವಾಗ

ಮೊಬೈಲಿನಲ್ಲಿ ನೋಡುವ ಚಿತ್ರ, ಗೋಡೆಗೆ ಹಾಕುವ ಚಿತ್ರ ಎರಡಕ್ಕೂ ಒಂದೇ ಫೈಲು ಸಾಲದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ನಯವಾದ ಹಿನ್ನೆಲೆಯನ್ನು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಕಾಗದದ ಮೇಲೆ ಕಪ್ಪು ಇನ್ನೂ ಕಪ್ಪಾಗುತ್ತದೆ: ಪರದೆಯಲ್ಲಿ 25ರಲ್ಲಿ ಚೆನ್ನಾಗಿದ್ದ ಹಿನ್ನೆಲೆ ಪ್ರಿಂಟಿನಲ್ಲಿ ಶಾಯಿ ಬಳಿದಂತೆ ಕಾಣುವುದರಿಂದ ಮುದ್ರಣದ ಪ್ರತಿಯಲ್ಲಿ ಅದನ್ನು 35 ಅಥವಾ 40ಕ್ಕೆ ಏರಿಸಿ, ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲಿ ಉಳಿಸಿ, ಮೊದಲು ಅಂಗೈಯಗಲದ ತುಣುಕೊಂದನ್ನು ಮುದ್ರಿಸಿ ನೋಡಬೇಕು. ಫೋಟೊ ಲ್ಯಾಬಿನ ಯಂತ್ರದಲ್ಲಿ ಬಣ್ಣ ಮತ್ತು ಹೊಳಪನ್ನು ತಾನಾಗಿಯೇ ತಿದ್ದುವ ಸೌಲಭ್ಯ ಚಾಲೂ ಇದ್ದರೆ, ಬಹುಪಾಲು ಕಪ್ಪಾದ ಈ ಚಿತ್ರವನ್ನು ಅದು ಬೆಳಕು ಸಾಲದ ಮದುವೆ ಫೋಟೊ ಎಂದೇ ತಿಳಿದು ಬೆಳ್ಳಗೆ ಮಾಡಿ ಕೊಡುತ್ತದೆ. ಕೌಂಟರಿನಲ್ಲಿ ಪೆನ್‌ಡ್ರೈವ್ ಕೊಡುವಾಗಲೇ “ಅಣ್ಣಾರ, ಕಲರ್ ಕರೆಕ್ಷನ್ ಬಂದ್ ಇಟ್ಟು ಪ್ರಿಂಟ್ ತಗೀರಿ” ಎಂದು ಹೇಳಿಬಿಡಬೇಕು.